ರುಮಾಲಿನ ಹಿಂದೆ ನಿಂತವರು

ಅಧ್ಯಕ್ಷರೇ, ನನಗೆ ಶಾಲು ಹೊದಿಸಿದ ಅತಿಥಿಗಳೇ, ಹಿರಿಯ ಕಲಾವಿದರೇ, ಕೆರೂರಿನ ಸಭಿಕರೇ,

ನಾನು ಏಳನೆಯ ಇಯತ್ತೆಯವರೆಗೆ ಓದಿದವನು. ಭಾಷಣ ಮಾಡಿ ರೂಢಿಯಿಲ್ಲ. ಭಾಷಣಕಾರರು ಬಾಯಿ ಮುಚ್ಚುವ ಗಳಿಗೆ ಕಾದು ಫೋಟೋ ತೆಗೆಯುವುದಷ್ಟೇ ನನ್ನ ಕೆಲಸ. ಕೆಲವರು ಭಾಳ ಹೊತ್ತು ಕಾಯಿಸುತ್ತಾರೆ.

ರಂಗದ ಬೆಳಕಿನಲ್ಲಿ ಒಳ್ಳೆಯ ಫೋಟೋ ತೆಗೆಯುವ ಗುಟ್ಟು ಹೇಳು ಎಂದು ಅಧ್ಯಕ್ಷರು ಕೇಳಿದ್ದಾರೆ. ಗುಟ್ಟೇನು? ಕ್ಯಾಮೆರಾವನ್ನು ಅದರ ಪಾಡಿಗೆ ಬಿಡಬಾರದು. ಯಾರ ಮುಖ ಬೇಕೋ ಆ ಮುಖದ ಮೇಲಿನ ಬೆಳಕು ನೋಡಿ ಕ್ಯಾಮೆರಾದೊಳಗೆ ಬೀಳುವ ಬೆಳಕಿನ ಅಳತೆ ಹೊಂದಿಸಬೇಕು. ಇಷ್ಟೇ. ಹಾಗಾದರೆ ನಾನು ಯಾರ ಮುಖ ನೋಡಿದೆ?

ನನ್ನ ಹಿಂದಿನ ಬ್ಯಾನರ್ ನೋಡಿ. ಈ ಸನ್ಮಾನ ತಂದುಕೊಟ್ಟ ಫೋಟೋ ಅದು. ಗೀಗೀ ಮೇಳದ ಅಂದಾನಪ್ಪನವರ ರುಮಾಲಿನ ಮಡಿಕೆಗಳನ್ನು ಎಣಿಸಬಹುದು. ಬಿಳಿ ಬಟ್ಟೆ ಸುಟ್ಟಂತೆ ಕಾಣಬಾರದೆಂದು ಕ್ಯಾಮೆರಾದಲ್ಲಿ ಬೆಳಕು ಇಳಿಸಿದ್ದೆ. ಅವರ ಹಿಂದೆ ಕತ್ತಲೆ ಕಾಣುತ್ತದಲ್ಲ, ಅದು ಕತ್ತಲೆಯಲ್ಲ. ಅದು ಐಹೊಳೆಯ ಮರೆವ್ವನವರು. ಮೂವತ್ತು ವರ್ಷ ಅಲ್ಲೇ ನಿಂತು ಹಿಮ್ಮೇಳದಲ್ಲಿ ದನಿಗೂಡಿಸಿದವರು.

ಕಲಾವಿದರ ಮಾಸಾಶನದ ಅರ್ಜಿಗೆ, ಮುಖ ಕಾಣುವಂತೆ, ಹಾಡುತ್ತಿರುವ ಫೋಟೋ ಬೇಕು. ಹೋದ ವರ್ಷ ಅವರು ನನ್ನ ಅಂಗಡಿಗೆ ಬಂದರು. ನಾನು ತೆಗೆದ ಮೇಳದ ಆರು ವರ್ಷದ ಫೋಟೋಗಳನ್ನೆಲ್ಲ ಹುಡುಕಿದೆವು. ಒಂದರಲ್ಲಿ ಹಸಿರು ಬಳೆಯ ಕೈ ಮಾತ್ರ ಸಿಕ್ಕಿತು.

“ಈ ಕೈ ನಂದ ಐತಿ ತಮ್ಮಾ. ಬರೇ ಕೈ ನೋಡಿ ಸಾಹೇಬ್ರು ಹೆಸರ ಬರಕೋತಾರೇನು?” ಎಂದು ನಕ್ಕರು.

ಆಗಲೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ನಾನು, “ನಿಮ್ಮ ಬಣ್ಣಾನ ಹಂಗ ಐತ್ರಿ. ಕ್ಯಾಮೆರಾ ಏನ ಮಾಡತೈತಿ?” ಎಂದುಬಿಟ್ಟೆ.

ಅವರ ನಗು ನಿಂತಿತು. ಮುಂದಿನ ಕಾರ್ಯಕ್ರಮಕ್ಕೆ ಮುಖದ ತುಂಬ ಪೌಡರ್ ಬಳಿದುಕೊಂಡು ಬಂದರು. ನನ್ನ ಮಾತು ನಂಬಿ ಬಂದರು. ಅಂದೂ ನಾನು ರುಮಾಲನ್ನೇ ನೋಡಿ ಅಳತೆ ಹೊಂದಿಸಿದೆ. ಈ ಬ್ಯಾನರಿನ ಫೋಟೋ ಅಂದಿನದೇ. ಅವರ ಅರ್ಜಿ ತಿರುಗಿ ಬಂತು.

ಈಗ ಮೇಳ ಹಾಡಲಿದೆ. ಮರೆವ್ವನವರ ಹೊಸ ಅರ್ಜಿಯನ್ನು ನವನಗರದ ಕಚೇರಿಗೆ ಮುಟ್ಟಿಸಲು ಸೋಮವಾರ ಕಡೆಯ ದಿನ. ಅಂದಾನಪ್ಪನವರೇ, ಇವತ್ತು ನಿಮ್ಮ ರುಮಾಲಿನ ಮಡಿಕೆ ಕಾಣದೆ ಬರೀ ಬೆಳ್ಳಗೆ ಬಂದರೆ ಕ್ಷಮಿಸಬೇಕು.

ಮರೆವ್ವನವರು ಪರದೆಯ ಪಕ್ಕದಲ್ಲಿ ನಿಂತಿದ್ದಾರೆ. ಇವತ್ತೂ ಪೌಡರ್ ಹಚ್ಚಿಕೊಂಡೇ ಬಂದಿದ್ದಾರೆ.

ಎವ್ವಾ, ತಪ್ಪ ನಂದು. ನಿಮ್ಮ ಬಣ್ಣದ್ದಲ್ಲ. ಮುಖ ತೊಳಕೊಂಡ ಬರ್ರಿ, ನಾ ಕಾಯ್ತೇನಿ.

ಕ್ಯಾಮೆರಾ ಕೆಳಗೆ ಕುರ್ಚಿಯ ಮೇಲಿದೆ, ಇಳಿದು ಹೋಗುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.