ಖಾನೆಯಲ್ಲಿಟ್ಟ ಅಲಾರಂ

ಬಾಗಿಲು ಹಾಕಿ ಬನ್ನಿ, ಹೇಳ್ತೀನಿ. ಇದು ಯಾರೋ ಹೇಳಿದ್ದಲ್ಲ... ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಆ ರಾತ್ರಿ ಅವನು ಹಾಳುಬಾವಿಯ ದಾರಿಯಲ್ಲಿ ಮನೆಗೆ ಬರ್ತಿದ್ದ. ಹನ್ನೊಂದು ದಾಟಿತ್ತು. ಬಾವಿಯೊಳಗಿಂದ... ಕೀಂ. ನಿಂತ. ನಲವತ್ತು ಎಣಿಸಿದ. ಮತ್ತೆ... ಕೀಂ.

ಬ್ಯಾಟರಿ ಮುಗಿಯುತ್ತಾ ಬಂದ ಬೆಂಕಿ ಅಲಾರಂ ಹಾಗೇ ಕೂಗೋದು. ಅವನಿಗೆ ಗೊತ್ತಿಲ್ಲದ್ದೇ? ಕಟ್ಟಡಗಳ ಚಾವಣಿಯಲ್ಲಿರೋ ತಂತಿ ಇಲ್ಲದ ಅಲಾರಂಗಳನ್ನ ನೋಡ್ಕೊಳ್ಳೋದೇ ಅವನ ಕೆಲಸ.  ಆದ್ರೆ ಒಂಬತ್ತು ದಿನದ ಹಿಂದೆ ಒಂದನ್ನ ಆ ಬಾವಿಗೆ ಎಸೆದವನು ಅವನೇ. ಬ್ಯಾಟರಿ ಕಿತ್ತು, ಕಲ್ಲು ಕಟ್ಟಿ.

ಮನೆಯಲ್ಲಿ ನಾವೆಲ್ಲ ಅವನನ್ನ ಆಮೇಲಣ್ಣ ಅಂತೀವಿ. ಏನು ಹೇಳಿದ್ರೂ "ಆಮೇಲೆ" ಅಂತಾನೆ. ಒಂದು ಬಟ್ಟೆ ಕಾರ್ಖಾನೆ. ಅದರ ಇಸ್ತ್ರಿ ಕೋಣೆಯಲ್ಲಿ ಹಬೆ ಎದ್ದಾಗೆಲ್ಲ ಅಲಾರಂ ಬಡ್ಕೊಳ್ತಿತ್ತು. ಮಾಲೀಕನಿಂದ ಬೈಗುಳ. ಬೇರೆ ನಮೂನೆಯದು ಹಾಕಬೇಕಿತ್ತು. ಇವನು ಅದನ್ನ ಇಳಿಸಿ, ಇಳಿಸಿದ್ದು ಗೊತ್ತಾಗದ ಹಾಗೆ ಹಿಂದಿನ ಗುಂಡಿ ಒತ್ತಿ ಟೇಪ್ ಅಂಟಿಸಿ, ಕೆಳಗೆ ವಾಚ್‌ಮನ್ ಮೇಜಿನ ಖಾನೆಗೆ ಹಾಕಿದ. ತಂತಿ ಇಲ್ಲ ನೋಡಿ! ಚಾವಣಿಯಲ್ಲಿದ್ರೂ ಅಷ್ಟೇ, ಖಾನೆಯಲ್ಲಿದ್ರೂ ಅಷ್ಟೇ, ಅಲಾರಂಗಳ ಲೆಕ್ಕ ಇಡೋ ಗೋಡೆ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತೆ. ಹೊಸದು ಆಮೇಲೆ ಹಾಕಿದರಾಯ್ತು ಅಂದ.

ಅಷ್ಟರಲ್ಲಿ ಕೋಣೆ ಹೊತ್ತಿ ಉರಿಯಿತು. ಅಲ್ಲಿ ಇಸ್ತ್ರಿ ಮಾಡ್ತಿದ್ದ ಅಕ್ಕ ಒಳಗೇ ಮಲಗಿದ್ದಳು. ಎಚ್ಚರಾಗೋ ಹೊತ್ತಿಗೆ ಬಾಗಿಲೇ ಉರೀತಿತ್ತು. ಇಸ್ತ್ರಿಪೆಟ್ಟಿಗೆಯಿಂದ ಕಿಟಕಿ ಸರಳು ಬಡಿದಳಂತೆ... ಠಣ್... ಠಣ್... ಬೆರಳು ಮುರಿಯೋವರೆಗೆ. ಅಲ್ಲೇ ಸತ್ತಳು. ನಮ್ಮವನು ಆ ಗಲಾಟೆಯಲ್ಲಿ ಖಾನೆಯ ಅಲಾರಂ ಜೇಬಿಗಿಳಿಸಿದ. 

ಕೀಂ... ಈ ಸಲ ಬೆನ್ನ ಹಿಂದೆ. ತಿರುಗೋದರೊಳಗೆ ಮೊಣಕಾಲಿಗೆ ಏಟು ಬಿತ್ತು. ಠಣ್! ಮೂಳೆ ಲಟಕ್ ಅಂತು. ಬಿದ್ದವನ ಕೂದಲು ಹಿಡಿದು ಬಾವಿಕಟ್ಟೆಗೆ ಜಜ್ಜಿತು. ಒಂದು. ಎರಡು. ಬಾಯಿ ತುಂಬ ರಕ್ತ, ಹಲ್ಲಿನ ಚೂರು. ಸುಟ್ಟ ಬಟ್ಟೆಯ ವಾಸನೆ. ಕಿವಿಯ ಹತ್ತಿರ ಪಿಸುಮಾತು...

"ಇನ್ನೊಂದು ಎಲ್ಲಪ್ಪಾ?"

"ಇನ್ನೊಂದಿಲ್ಲ ಅಕ್ಕಾ..."

ಮೂರನೇ ಸಲ ಜಜ್ಜಿತು. ಮೂಗು ಅಪ್ಪಚ್ಚಿ.

"ಎಲ್ಲಿ?"

"ಹಾಸ್ಟೆಲ್... ಅಡುಗೆಮನೇದು... ಅಲ್ಲೂ ವಾಚ್‌ಮನ್ ಖಾನೇಲಿ... ನಾಳೆ ಹಾಕ್ತೀನಕ್ಕಾ..."

"ಈಗ."

ಆ ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರು. ನಾಲ್ಕನೇ ಮಹಡಿಯಲ್ಲಿ ನಾನು. ತಂಗಿ ಅಲ್ಲಿದ್ದಾಳೆ ಅಂತ ಗೊತ್ತಿದ್ದೂ ಇಳಿಸಿದ್ದ, ಪಾಪಿ!

ಕಾಲೆಳೆದುಕೊಂಡು ಬಂದ. ವಾಚ್‌ಮನ್ ಗೊರಕೆ ಹೊಡೀತಿದ್ದ. ಖಾನೆ ಎಳೆದು ಅಲಾರಂ ತೆಗೆದ. ಮುರಿದ ಕಾಲಲ್ಲೇ ಅಡುಗೆಮನೆಯ ಮೇಜು ಹತ್ತಿ ಚಾವಣಿಗೆ ತಿರುಗಿಸಿ ಕೂರಿಸಿದ... ಕಟಕ್. ಬಿಚ್ಚಿ ನೋಡೋಕೆ ಪುರುಸೊತ್ತೆಲ್ಲಿ?

ಮೂರೂವರೆಗೆ ಅಡುಗೆಮನೆಗೆ ಬೆಂಕಿ ಬಿತ್ತು. ಅಲಾರಂ ಕಿವಿ ಹರಿಯೋ ಹಾಗೆ ಕೂಗಿತು. ಅರವತ್ತು ಜನವೂ ಬರಿಗಾಲಲ್ಲಿ ಬೀದಿಗೆ ಬಂದ್ವಿ. ಗೇಟಿನ ಹತ್ತಿರ ಇವನು ಕೂತಿದ್ದ, ಮುಖವೆಲ್ಲ ರಕ್ತ. ಅಳುತ್ತಾ ಎಲ್ಲಾ ಹೇಳಿದ. ಕೆನ್ನೆಗೆ ಬಾರಿಸೋಣ ಅಂತ ಕೈ ಎತ್ತಿದೆ. ಹೊಡೆಯೋಕೆ ಜಾಗವೇ ಉಳಿದಿರಲಿಲ್ಲ.

ಬೆಳಿಗ್ಗೆ ಅರ್ಧ ಕರಗಿದ ಆ ಅಲಾರಂನ ನಾನೇ ಬಿಚ್ಚಿದೆ. ಒಳಗೆ ಬ್ಯಾಟರಿ ಇರಲಿಲ್ಲ.

ವಾಚ್‌ಮನ್ ತಲೆ ಕೆರ್ಕೊಂಡ. "ಬ್ಯಾಟರೀನ ಹೋದ ವಾರವೇ ನಾನು ತಕ್ಕೊಂಡೆ ಕಣಮ್ಮಾ. ಆಗಿಂದ ಗೋಡೆ ಪೆಟ್ಟಿಗೆ ಕಿರುಚ್ತಿತ್ತು, ಅದರ ಬಾಯಿಗೆ ಬಟ್ಟೆ ತುರುಕಿದ್ದೆ."

ಜೇಬಿಂದ ಟಾರ್ಚ್ ತೆಗೆದು ಒತ್ತಿ ತೋರಿಸಿದ. ಚೆನ್ನಾಗೇ ಉರೀತು. ಕಣ್ಣಾರೆ ನೋಡಿದೀನಿ ನಾನು.