ಹದಿನಾಲ್ಕು ಒಲೆಗಳ ಬಗ್ಗೆ ಹೊಳೆಬೀದಿಯ ಲತಾಮಣಿ ಕೊಟ್ಟ ಹೇಳಿಕೆ

ಹೆಸರು ಲತಾಮಣಿ, ಗಂಡನ ಹೆಸರು ಲಕ್ಷ್ಮೀಶ, ವಯಸ್ಸು 43 ವರ್ಷ, ಕಸುಬು ರವಿಕೆ ಹೊಲಿಯುವುದು, ವಾಸ ಹೊಳೆಬೀದಿ, ಬೇಲೂರು ಟೌನ್. ‘ವಾಸ’ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆಂದು ಕೇಳಿಕೊಂಡೆ. ಹೇಳಿಕೆಯಲ್ಲಿ ದಪ್ಪ ಅಕ್ಷರ ಬರೆಯುವ ಪದ್ಧತಿ ಇಲ್ಲವೆಂದು ಹೆಡ್ ಕಾನ್‌ಸ್ಟೇಬಲ್ ಶಶಿಕಿರಣ್‌ರವರು ತಿಳಿಸಿರುತ್ತಾರೆ.

ದಿನಾಂಕ 11-03-2025ರ ಮಂಗಳವಾರ ಬೆಳಗ್ಗೆ 11 ಗಂಟೆಗೆ ಠಾಣೆಗೆ ಕರೆಸಿದ ಮೇರೆಗೆ ಹಾಜರಾಗಿ, ಕೇಳಿದ್ದಕ್ಕೂ ಕೇಳದೆ ಬಿಟ್ಟಿದ್ದಕ್ಕೂ ಸೇರಿಸಿ ನಾನು ತಿಳಿಸುವುದೇನೆಂದರೆ:

ನದಿದಂಡೆ ಪುನರ್ವಸತಿ ಘಟಕದ ಅಧಿಕಾರಿ ಮೋಹನ್‌ಕುಮಾರ್‌ರವರು ನನ್ನ ಮೇಲೆ ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಿದರು. ನಿನ್ನೆ ಸೋಮವಾರ ಅವರ ಕಚೇರಿಯ ಅಂಗಳದಲ್ಲಿ ನಾನೂ ನಮ್ಮ ಬೀದಿಯವರೂ ಸೇರಿ ಹದಿನಾಲ್ಕು ಒಲೆ ಹಚ್ಚಿ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದೆವು ಎಂದು ಅದರಲ್ಲಿದೆ. ಇನ್ನೊಂದು ಸಲ ಓದಿಸಿ ಕೇಳಿದೆ. ಒಲೆ ಹಚ್ಚಿದ್ದು ನಿಜ. ಅಡ್ಡಿಪಡಿಸಿದ್ದು ಸುಳ್ಳು. ಯಾಕೆ ಹಚ್ಚಿದೆವು ಎಂಬುದು ದೂರಿನಲ್ಲಿ ಇಲ್ಲದ ಕಾರಣ ಅದನ್ನು ನಾನೇ ಹೇಳಬೇಕಾಗಿದೆ.

ನಮ್ಮ ಹೊಳೆಬೀದಿಯಲ್ಲಿ ಹದಿನಾಲ್ಕು ಮನೆಗಳಿವೆ. ಹಿತ್ತಿಲಿನಿಂದ ಯಗಚಿ ಹೊಳೆಗೆ ನಲವತ್ತು ಅಡಿ. ಹೊಳೆಗೆ ತಡೆಗೋಡೆ ಕಟ್ಟಿ, ಅದರ ಮೇಲೆ ಜನ ವಾಕಿಂಗ್ ಮಾಡಲು ದಾರಿ ಮಾಡುತ್ತಾರಂತೆ, ಅದಕ್ಕೆ ನಮ್ಮ ಬೀದಿ ಹೋಗಬೇಕಂತೆ. ಹೋಗುವುದಕ್ಕೆ ನಾವು ಬೇಡವೆನ್ನಲಿಲ್ಲ. ಹೊಳೆ ಮನೆಯೊಳಗೆ ಬಂದಾಗ ಮಂಚದ ಮೇಲೆ ಒಲೆ ಇಟ್ಟು ಅನ್ನ ಮಾಡಿದವರು ನಾವು, ಹೊಳೆಯ ಅಂದಚಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದಲಿಗೆ ಗೆಂಡೆಹಳ್ಳಿ ರಸ್ತೆಯಲ್ಲಿ ಕಟ್ಟುತ್ತಿರುವ ಮನೆಗಳಲ್ಲಿ ಕುಟುಂಬಕ್ಕೊಂದು ಕೊಡುತ್ತೇವೆ, ಸಾಮಾನು ಸಾಗಿಸಲು ಲಾರಿಯನ್ನೂ ಕೊಡುತ್ತೇವೆ ಎಂದು ಘಟಕದವರು ಹೇಳಿದ್ದರು.

ಯಾರಿಗೆ ಮನೆ ಎಂಬುದಕ್ಕೆ ಅವರ ನಿಯಮ ಹೀಗಿದೆ. ಒಂದು ಒಲೆಗೆ ಒಂದು ಕುಟುಂಬ. ಘಟಕದವರು ಮುಂಚೆ ತಿಳಿಸದೆ ಒಂದೇ ಸಲ ಬರುತ್ತಾರೆ. ಬಂದಾಗ ಒಲೆ ಉರಿಯುತ್ತಿದ್ದರೆ ಫೋಟೋ ತೆಗೆದು ವಾಸವಿದ್ದಾರೆ ಎಂದು ಬರೆಯುತ್ತಾರೆ, ಉರಿಯದಿದ್ದರೆ ವಾಸವಿಲ್ಲ. ಪಕ್ಕದ ಬೀದಿಯಲ್ಲೊಬ್ಬ ಅತ್ತೆಗೊಂದು, ಭಾವಮೈದುನನಿಗೊಂದು ಅಂತ ಒಂದೇ ಕೋಣೆಯಲ್ಲಿ ಐದು ಒಲೆ ಹೂಡಿದ್ದನಂತೆ, ಅದಕ್ಕೇ ಈ ನಿಯಮ. ಕೇಳಿ ನಾನೂ ನಕ್ಕಿದ್ದೆ. ನಿಯಮ ಸರಿಯಾಗಿಯೇ ಇದೆ ಎಂದೂ ಅಂದಿದ್ದೆ.

ಫೆಬ್ರವರಿ 12ರ ಬುಧವಾರ ಬೆಳಗ್ಗೆ ಆರು ಗಂಟೆಗೆ ನಮ್ಮ ಬೀದಿಯ ಗಿಡ್ಡಯ್ಯ ತಾತ ತೀರಿಕೊಂಡರು. ವಯಸ್ಸು ಎಂಬತ್ತರ ಮೇಲೆ. ಮೂರನೇ ಮನೆ ಅವರದು, ಈಗ ಅದರಲ್ಲಿ ಅವರ ಹೆಂಡತಿ ದೇವೀರಮ್ಮಜ್ಜಿ ಒಬ್ಬರೇ ಇದ್ದಾರೆ. ಮಕ್ಕಳಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹೊಲಿಗೆ ಮಿಷನ್ನನ್ನು ಬಸ್‌ಸ್ಟ್ಯಾಂಡಿನಿಂದ ತಲೆ ಮೇಲೆ ಹೊತ್ತು ತಂದವರು ಗಿಡ್ಡಯ್ಯ ತಾತ.

ನಮ್ಮ ಬೀದಿಯಲ್ಲಿ ಹೆಣ ಇರುವಷ್ಟು ಹೊತ್ತು ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದು, ಬೀದಿಗೆ ನೀರು ಹಾಕಿ, ಸ್ನಾನ ಮಾಡಿದ ಮೇಲೆಯೇ ಬೆಂಕಿ. ಅಲ್ಲಿಯವರೆಗೆ ಮಕ್ಕಳಿಗೂ ಬೇಕರಿಯ ಬನ್ನೇ ಗತಿ. ಬಂದವರಿಗೆ ಟೀ ಬೇಕಾದರೆ ಹೊರಗಿನಿಂದ ತರಿಸುತ್ತೇವೆ. ಅವತ್ತು ಟೀ ಕಾಯಿಸಿದವರು ಶಾಮಿಯಾನ ಬಾಡಿಗೆಗೆ ಕೊಡುವ ಮಧುಕುಮಾರ್. ಬೀದಿಯ ಬಾಯಲ್ಲಿ, ದೊಡ್ಡ ರಸ್ತೆಗೆ ಬಾಗಿಲಿರುವ ಅವರ ಗೋದಾಮು ಇದೆ. ಅದು ಮನೆಯಲ್ಲದ್ದರಿಂದ ಅದಕ್ಕೆ ನಮ್ಮ ಕಟ್ಟಳೆ ಇಲ್ಲ. ಅವರ ಮನೆ ಅಲ್ಲಿಂದ ಒಂದು ಕಿಲೋಮೀಟರ್ ದೂರದಲ್ಲಿ, ಎರಡಂತಸ್ತಿನದು.

ಅದೇ ದಿನ ಬೆಳಗ್ಗೆ ಹತ್ತೂವರೆಗೆ ಘಟಕದ ಸಮೀಕ್ಷೆಯ ಹುಡುಗ ಚೇತನ್‌ಕುಮಾರ್ ಬೈಕಿನಲ್ಲಿ ಬಂದ. ಗಿಡ್ಡಯ್ಯ ತಾತನನ್ನು ಮನೆ ಮುಂದೆ ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಅರೇಹಳ್ಳಿಯಿಂದ ಬರಬೇಕಾಗಿದ್ದ ಅವರ ತಂಗಿಗಾಗಿ ಕಾಯುತ್ತಿದ್ದೆವು. ಹುಡುಗ ಚಪ್ಪಲಿ ಬಿಟ್ಟು ಕೈ ಮುಗಿದ. ಆಮೇಲೆ ಒಂದೊಂದೇ ಮನೆ ಹೊಕ್ಕು ನೋಡಿ ಬಂದ. ಹದಿನಾಲ್ಕು ಮನೆಯ ಒಲೆಗಳೂ ತಣ್ಣಗಿದ್ದವು. ಹುಡುಗ ಕೆಟ್ಟವನಲ್ಲ, ಇದನ್ನೂ ಬರೆದುಕೊಳ್ಳಬೇಕು. ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ. ಅದನ್ನೂ ಅದಕ್ಕೆ ಬಂದ ಉತ್ತರವನ್ನೂ ಆಡಿದ ಹಾಗೆಯೇ ಬರೆಯಬೇಕೆಂದು ಪಟ್ಟು ಹಿಡಿದದ್ದರಿಂದ ಶಶಿಕಿರಣ್‌ರವರು ಒಪ್ಪಿರುತ್ತಾರೆ.

“ಅಕ್ಕಾ, ಒಂದೊಂದು ನಿಮಿಷ ಹಚ್ಚಿ ಸಾಕು. ಫೋಟೋ ಹೊಡ್ಕೊಂಡು ಆಫ್ ಮಾಡಿಸ್ತೀನಿ. ಇನ್ನೊಂದ್ಸಲ ಬರೋಕೆ ನಂಗೆ ಪರ್ಮಿಷನ್ ಇಲ್ಲ.”

ಅಲ್ಲೇ ಕುಳಿತಿದ್ದ ದೇವೀರಮ್ಮಜ್ಜಿಗೆ ಅದು ಕೇಳಿಸಿತು. ಅಜ್ಜಿ ನನ್ನ ಕಡೆ ತಿರುಗಿದರು.

“ಹಚ್ಚು ಕಣೇ ಲತಾ. ನಿಮ್ತಾತ ಏನು ಎದ್ದು ಬೈತೈತಾ? ಮನೆ ಹೋದ್ರೆ ಯಾರ್ ಕೊಡ್ತಾರೆ?”

ಎಲ್ಲರೂ ನನ್ನ ಮುಖ ನೋಡಿದರು. ಬೀದಿಯಲ್ಲಿ ಬಾಯಿ ಜೋರು ಇರುವವಳು ನಾನೇ, ಅದಕ್ಕೆ. ಅಜ್ಜಿಯ ಬಾಯಿಂದಲೇ ಅಪ್ಪಣೆ ಸಿಕ್ಕಿತ್ತು, ಕಡ್ಡಿ ಗೀರಿದ್ದರೆ ಹದಿನಾಲ್ಕು ಮನೆ ನಮ್ಮದಾಗುತ್ತಿತ್ತು. ತಾತನನ್ನು ಹೊರಗೆ ಕೂರಿಸಿ ಒಳಗೆ ಒಲೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಹಚ್ಚುವುದಿಲ್ಲ, ನೀನು ಕಂಡದ್ದನ್ನು ಬರೆದುಕೊಂಡು ಹೋಗಪ್ಪಾ, ಆದರೆ ಹೆಣ ಇತ್ತು ಎಂದೂ ಬರೆ ಎಂದು ಹೇಳಿದೆ. ಅದನ್ನು ಬರೆಯಲು ಫೋನಿನಲ್ಲಿರುವ ಫಾರಂನಲ್ಲಿ ಜಾಗವಿಲ್ಲ ಎಂದ. ಹೋಗುವಾಗ ಗೋದಾಮಿನ ಹತ್ತಿರ ನಿಂತು ಟೀ ಕುಡಿದ. ಅಲ್ಲಿ ಒಲೆ ಉರಿಯುತ್ತಿತ್ತು. ಅದರ ಫೋಟೋ ತೆಗೆದುಕೊಂಡು ಹೋದ.

ಮಾರ್ಚ್ 3ರ ಸೋಮವಾರ ಘಟಕದ ಬೋರ್ಡಿನಲ್ಲಿ ಹೆಸರುಗಳನ್ನು ಅಂಟಿಸಿದರು. ಹೊಳೆಬೀದಿಯಿಂದ ಅರ್ಹ ಕುಟುಂಬ ಒಂದೇ, ಮಧುಕುಮಾರ್. ನಮಗೆಲ್ಲ ‘ವಾಸವಿಲ್ಲ’. ನಮ್ಮ ಸಾವಿನ ಟೀಗೆ ಅವರಿಗೆ ಮನೆ ಬಂತು. ಅವರೇ ನನ್ನ ಹೊಲಿಗೆ ಅಂಗಡಿಗೆ ಬಂದು, ನಂಗೆ ಮನೆ ಐತಲ್ಲಕ್ಕಾ, ಇದ್ಯಾವ ಕರ್ಮ ಎಂದು ತಲೆ ಕೆರೆದುಕೊಂಡರು. ಅವತ್ತು ದೇವೀರಮ್ಮಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 6ರ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಾನು, ಅಜ್ಜಿ, ಮಧುಕುಮಾರ್ ಮೂವರೂ ಮೋಹನ್‌ಕುಮಾರ್‌ರವರ ಕೋಣೆಗೆ ಹೋದೆವು. ಮಧುಕುಮಾರ್ ತಮ್ಮದು ಗೋದಾಮು ಎಂದು ತಾವೇ ಹೇಳಿದರು. ನಾನು ಹೆಣದ ವಿಷಯ ಹೇಳಿದೆ. ನಿಯಮದಲ್ಲಿ ಸಾವಿಗೆ ವಿನಾಯಿತಿ ಇಲ್ಲವೆಂದು ಸಾಹೇಬರು ತಿಳಿಸಿದರು. ಹಾಗಾದರೆ ಬಿಟ್ಟುಹೋದವರಿಗೆ ದಾರಿಯೇ ಇಲ್ಲವೇ ಎಂದು ಕೇಳಿದ್ದಕ್ಕೆ, ಇದೆ, ಅಧಿಕಾರಿ ಸ್ವತಃ ಉರಿಯುವ ಒಲೆಯನ್ನು ಕಣ್ಣಾರೆ ಕಂಡು, ಯಾರದೆಂದು ಹೆಸರು ಸಮೇತ ಬರೆದು ರುಜು ಹಾಕಿದರೆ ಸೇರಿಸಬಹುದು ಎಂದರು. ಹಾಗಾದರೆ ಬನ್ನಿ, ಒಂದೂಕಾಲು ಕಿಲೋಮೀಟರ್, ಆಟೋದಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದೆ. ಅದಕ್ಕೆ ಅವರು ಹೇಳಿದ್ದನ್ನೂ ಆಡಿದ ಹಾಗೆಯೇ ಬರೆಯಬೇಕು.

“ಬೀದಿ ಬೀದಿ ತಿರುಗೋದೇ ನನ್ ಕೆಲ್ಸಾನೇನಮ್ಮಾ? ಅಷ್ಟು ಅರ್ಜೆಂಟಿದ್ರೆ ಒಲೆ ಇಲ್ಲಿಗೇ ಹೊತ್ಕೊಂಡು ಬಾ, ನೋಡ್ತೀನಿ.”

ಕೋಣೆಯಲ್ಲಿದ್ದ ಇಬ್ಬರು ಗುಮಾಸ್ತರು ನಕ್ಕರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಜ್ಜಿ ಮಾತ್ರ ನಗುತ್ತಿದ್ದವರನ್ನು ಒಮ್ಮೆ ನೋಡಿ, ಸಾಹೇಬರಿಗೆ ಕೈ ಮುಗಿದು, ಆಗ್ಲಿ ಬುದ್ಧಿ, ತತ್ತೀವಿ ಎಂದರು. ಮೆಟ್ಟಿಲಿಳಿಯುವಾಗ ನನಗೂ ನಗು ಬಂತು.

ಸರ್ಕಾರದ ಸಾಹೇಬರು ಬರಹೇಳಿದ ಮೇಲೆ ಹೋಗದಿರುವುದು ಅವಮರ್ಯಾದೆ. ಮಾರ್ಚ್ 10ರ ಸೋಮವಾರ ಬೆಳಗ್ಗೆ ಮಧುಕುಮಾರ್‌ರವರ ಗೂಡ್ಸ್ ಆಟೋದಲ್ಲಿ ಹದಿನಾಲ್ಕು ಮನೆಯ ಒಲೆಗಳನ್ನೂ ಹೇರಿಕೊಂಡು ಹತ್ತು ಗಂಟೆಗೆ ಘಟಕದ ಅಂಗಳಕ್ಕೆ ಹೋದೆವು. ಹನ್ನೊಂದು ಗ್ಯಾಸ್ ಒಲೆ, ಮೂರು ಸೌದೆ ಒಲೆ. ಸೌದೆಯವರು ತಮ್ಮ ತಮ್ಮ ಕಲ್ಲುಗಳನ್ನೂ ತಂದಿದ್ದರು. ಬಾಗಿಲಿಗೆ ದಾರಿ ಬಿಟ್ಟು, ಹೊಂಗೆಮರದ ಕೆಳಗೆ ಬೀದಿಯಲ್ಲಿ ಮನೆಗಳಿರುವ ಕ್ರಮದಲ್ಲೇ ಸಾಲಾಗಿ ಹೂಡಿದೆವು. ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡಿದ್ದೆವು. ನನ್ನದು ಮುದ್ದೆ, ಪಕ್ಕದವರದು ಉಪ್ಸಾರು, ಆಚೆಯವರದು ಅನ್ನ. ಒಳಗೆ ಹೋಗುವವರು ಹೋಗುತ್ತಿದ್ದರು, ಬರುವವರು ಬರುತ್ತಿದ್ದರು. ಒಬ್ಬ ಗುಮಾಸ್ತರು ಉಪ್ಸಾರಿಗೆ ಖಾರ ಹೆಚ್ಚಾಯಿತೆಂದು ಹೇಳಿ ಎರಡನೇ ಸಲ ಹಾಕಿಸಿಕೊಂಡರು. ಅವರ ಹೆಸರು ಹೇಳುವುದಿಲ್ಲ, ಪಾಪ.

ಮೂರನೇ ಒಲೆ ದೇವೀರಮ್ಮಜ್ಜಿಯದು. ಸೌದೆ ಒಲೆ. ತಾತ ಹೋದ ಮೇಲೆ ಅಜ್ಜಿ ತಮ್ಮ ಒಲೆ ಹಚ್ಚಿರಲಿಲ್ಲ, ನಮ್ಮ ಮನೆಗಳಿಂದ ಊಟ ಹೋಗುತ್ತಿತ್ತು. ಒಬ್ಬಳಿಗೆ ಎಷ್ಟು ಅಂತ ಬೇಯಿಸೋದು ಎನ್ನುತ್ತಿದ್ದರು. ನಿನ್ನೆ ತಾವೇ ಊದಿ ಊದಿ ಬೆಂಕಿ ಮಾಡಿ, ಸಣ್ಣ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟರು. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಹೇಳಿದರು. ಹೊಗೆ ನಮ್ಮ ಕಡೆ ಬೀಸುತ್ತಿತ್ತು.

ಹನ್ನೊಂದೂಕಾಲಿಗೆ ಮೋಹನ್‌ಕುಮಾರ್‌ರವರು ಹೊರಗೆ ಬಂದರು. ನೀವು ಹೇಳಿದ ಹಾಗೆ ತಂದಿದ್ದೇವೆ, ನೋಡಿ ಸ್ವಾಮೀ ಎಂದೆ. ತಾವು ಅಂದದ್ದು ಬರೀ ಮಾತಿಗೆ ಎಂದು ಹೇಳಿ ಸಿಟ್ಟಾದರು. ಆದರೂ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು, ಪ್ರತಿ ಒಲೆಯ ಮುಂದೆ ನಿಂತು, ಕೇಸು ಹಾಕಿಸುತ್ತೇನೆ ಎಂದು ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಂಡರು. ಯಾರೂ ಹೆಸರು ಮುಚ್ಚಿಡಲಿಲ್ಲ. ಅಜ್ಜಿ ಗಂಡನ ಹೆಸರನ್ನೂ ಸೇರಿಸಿ ಹೇಳಿದರು. ಹನ್ನೆರಡು ಗಂಟೆಗೆ ಪೊಲೀಸಿನವರು ಬಂದು ಆರಿಸಿ ಎಂದರು. ಅಜ್ಜಿಯ ಅನ್ನ ಬೇಯುವವರೆಗೆ ಕಾದು ಆರಿಸಿದೆವು.

ಈ ಹೇಳಿಕೆ ಬರೆಯುವಾಗ ಶಶಿಕಿರಣ್‌ರವರು ನನ್ನ ಮೇಲಿನ ಕನಿಕರದಿಂದ, ಮೂರ್ನಾಲ್ಕು ಒಲೆ ಎಂದು ಬರೆಯೋಣ, ತಿಳಿಯದೆ ಮಾಡಿದೆವು ಎಂದೂ ಸೇರಿಸೋಣ, ಕೇಸು ಹಗುರವಾಗುತ್ತದೆ ಎಂದು ಸಲಹೆ ಕೊಟ್ಟರು. ನಾನು ಒಪ್ಪಿರುವುದಿಲ್ಲ. ತಿಳಿದೇ ಮಾಡಿದ್ದೇವೆ. ಫೆಬ್ರವರಿ 12ರಂದು ಹಚ್ಚದೇ ಇದ್ದದ್ದೂ ತಿಳಿದೇ. ನಾಳೆ ಬೀದಿಯಲ್ಲಿ ಇನ್ನೊಂದು ಹೆಣ ಕೂತರೆ ನಾಳೆಯೂ ಹಚ್ಚುವುದಿಲ್ಲ.

ಕೊನೆಗೆ ಒಂದು ವಿಷಯ. ಓದಿ ಹೇಳಿದ ದೂರಿನಲ್ಲಿ ಮೋಹನ್‌ಕುಮಾರ್‌ರವರು, ಹೊಳೆಬೀದಿಯ ಹದಿನಾಲ್ಕು ಮನೆಯವರು ತಮ್ಮ ತಮ್ಮ ಹದಿನಾಲ್ಕು ಒಲೆ ಉರಿಸುತ್ತಿದ್ದುದನ್ನು ಸ್ವತಃ ಕಣ್ಣಾರೆ ಕಂಡಿರುತ್ತೇನೆ ಎಂದು, ಹದಿನಾಲ್ಕು ಹೆಸರು ಸಮೇತ ಬರೆದು, ರುಜು ಹಾಕಿ, ಘಟಕದ ಸೀಲನ್ನೂ ಒತ್ತಿದ್ದಾರೆ. ಬಿಟ್ಟುಹೋದವರನ್ನು ಸೇರಿಸಲು ಅವರೇ ಹೇಳಿದ ನಿಯಮಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಆ ದೂರಿನ ನಕಲು ನನಗೆ ಕೊಡಿಸಬೇಕು. ಕೇಸು ಹಾಕುವುದಿದ್ದರೆ ಹದಿನಾಲ್ಕಕ್ಕೂ ಹಾಕಬೇಕು, ಒಂದೂ ಕಡಿಮೆ ಮಾಡಬಾರದು. ಮೂರನೆಯದನ್ನಂತೂ ಬಿಡಲೇಬಾರದು.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದು ಓದಿ ಕೇಳಿಸಿದ್ದಾರೆ. ಎಲ್ಲವೂ ನಿಜ, ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಬೇಲೂರು
ದಿನಾಂಕ: 11-03-2025

ಸಹಿ
ಲತಾಮಣಿ
ಹೊಳೆಬೀದಿಯಲ್ಲಿ ವಾಸವಿರುವವಳು