ಸಾಲ್ಯಾಗ ಹೇಳಿದ ಹೆಸರು

ಹಲೋ… ಹಲೋ… ಯಾರ್ರೀ ಮಾತಾಡೂದು?… ಏನಂದ್ರಿ? ಸ್ವಲ್ಪ ಜೋರಾಗಿ ಹೇಳ್ರೀ, ಕಿವ್ಯಾಗ ಬರೀ ಗಾಳಿನೇ ಬರಾಕತ್ತದ…

ಹಾಂ, ಈಗ ಕೇಳಿಸ್ತು. ಕಲಬುರಗಿ ಐವಾನ್-ಎ-ಶಾಹಿ ಹೌದಲ್ರೀ?… ನಾಗಣ್ಣೋರಾ? ಶರಣ್ರೀ ಅಣ್ಣಾರ. ನಾ ಕಮಲಾಪುರದಿಂದ ಚಂದಮ್ಮ… ಚಂದಮ್ಮ್ರೀ, ನಿಮ್ಮ ಬಂಗ್ಲೆದ ಮಾಲಿ ಭೀಮಶಾ ಅದಾರಲ್ಲ, ಅವರ ಹೇಂತಿ… ಇಲ್ರೀ, ರೇವಮ್ಮ ಅಲ್ಲ. ರೇವಮ್ಮ ಸಣ್ಣಾಕಿ. ನಾ ಹಿರ್ಯಾಕಿ.

…ಗೊತ್ತಿರಲಿಲ್ಲಾ? ಹ್ಯಾಂಗ ಗೊತ್ತಿರಬೇಕು ಬಿಡ್ರಿ. ನಿಮ್ಮ ಕಣ್ಣ ಮುಂದ ಓಡ್ಯಾಡಾಕಿ ಆಕಿ.

…ಚೌಕಿಯಿಂದ್ರೀ. ಜಮಾದಾರ ಖಮರುದ್ದೀನ್ ಸಾಹೇಬ್ರು ಪುಣ್ಯಾ ಕಟ್ಟಿಕೊಂಡಾರ. ದಿನಾ ಮಜ್ಜಿಗಿ ಕೊಡಾಕಿ ಅಂತ ಇಷ್ಟು ದಯಾ… ಇಲ್ರೀ, ಕೆಟ್ಟ ಸುದ್ದಿ ಏನಿಲ್ಲ. ಅತ್ತಿ ಹಾಸಿಗ್ಯಾಗ ಹ್ಯಾಂಗಿದ್ರೋ ಹಂಗೇ ಅದಾರ. ಅವರನ್ನ ಕರೀಬ್ಯಾಡ್ರಿ, ಗಿಡಕ್ಕ ನೀರು ಬಿಡ್ಲಿ. ರೇವಮ್ಮನ್ನ ಕರೀರಿ… ಹೂಂ, ಹಿಡಕೊಂಡೇ ನಿಲ್ತೀನಿ…

ಕರ್ಯಾಕ ಹೋಗ್ಯಾರ್ರೀ ಜಮಾದಾರ್ರ. ಹಿಂದಿನ ಕ್ವಾಟ್ರಸ್ನಿಂದ ಬರಬೇಕಲ್ಲ, ಜರಾ ಹೊತ್ತಾಗ್ತದ. ನೀವು ಕುಂದರ್ರಿ…

ಹಲೋ?… ರೇವೀ?… ಹೌದು, ನಾನೇ, ಚಂದಕ್ಕ. ಅಂಜಬ್ಯಾಡ, ಎಲ್ಲಾರೂ ಚಂದ ಅದೀವಿ. ದುಂಡಿ ಎಲ್ಲಿ ಅದಾಳ?… ಕಟ್ಟಿ ಮ್ಯಾಲ? ಏನು ಮಾಡಾಕತ್ಯಾಳ?… ಮಗ್ಗಿ ಬಾಯಿಪಾಠ? ಇವತ್ತು ಶುಕ್ರವಾರ, ಸಾಲಿ ಸೂಟಿ ಅಲ್ಲೇನು? ಏಳು ವರ್ಷದ ಕೂಸನ್ನ ಸೂಟಿ ದಿನಾನೂ ಕುಂದರಿಸಿ ಓದಸ್ತೀ?… ತಾನೇ ಕುಂತಾಳಾ. ಹೂಂ.

…ಬ್ಯಾಡ, ಆಮ್ಯಾಲೆ ಕರಿ. ಮೊದಲ ನಿನ್ನ ಕೂಡ ಮಾತಾಡೂದದ.

…ಏನೇನು ಕಲಿಸ್ತಾರ ಆಕೀಗೆ ಅಲ್ಲಿ? ಹೋಗಿ ವರ್ಷಾತು… ಅವರೇನು ಹೇಳ್ತಾರ, ಗಂಡಸ್ರು. "ಚಲೋ ಓದ್ತಾಳ" ಅಂತಾರ, ರೊಟ್ಟಿ ಮುರೀತಾರ, ಮುಗೀತು. ನೀ ಹೇಳು.

…ಅಲೀಫ್, ಬೇ… ಹಾಂ… ಕನ್ನಡಾನೂನಾ? ಎರಡೂ? ಒಂದು ಬಲಗಡಿಂದ ಬರ್ಯೂದು, ಒಂದು ಎಡಗಡಿಂದ ಬರ್ಯೂದು, ಕೂಸಿನ ತಲಿ ತಿರಗೂದಿಲ್ಲೇನು?… ನಗ್ತಾಳಾ. ನಗಲಿ.

…ಹತ್ತರ ಮಗ್ಗಿತನಕ ಬರ್ತದಾ… ಮತ್ತ?… ಅವರಿಕಾಳು ಒದ್ದಿ ಬಟ್ಟ್ಯಾಗ ಕಟ್ಟಿ ಮೊಳಕಿ ಬರಿಸ್ಯಾರ? ಅದಕ್ಕ ಸಾಲಿ ಬೇಕೇನು? ನನ್ನ ಮಗ್ಗಲಾಗ ಕುಂತು ಎಷ್ಟು ಸಲ ನೋಡ್ಯಾಳ. ಸಾಲಿ ಕಲಸೂ ಉಸ್ತಾನಿ ತೋರಿಸಿದ್ರ ವಿದ್ಯಾ, ನಾ ತೋರಿಸಿದ್ರ ಉಸಳಿ!

…ಉಗುರು, ಹಲ್ಲು ನೋಡ್ತಾರಾ. ಉಗುರು ಯಾರು ತೆಗೀತಾರ?… ನೀನು. ತಲಿ ಬಾಚೂದು?… ಅದೂ ನೀನೇ. ಹೂಂ.

…ಕ್ವಾಟಿ ಒಳಗ ಕರಕೊಂಡು ಹೋಗಿದ್ರಾ! ತೋಪಿನ ಮ್ಯಾಲ ಏರಿ ಕುಂತಿದ್ಳಾ? ರಾಜರ ಹೆಸರೆಲ್ಲ ಹೇಳ್ತಾಳಾ?… ನಂಗ ಇಷ್ಟು ವಯಸ್ಸಾತು, ಹೊರಗಿಂದ ಗ್ವಾಡಿ ನೋಡೀನಿ ಅಷ್ಟೇ.

…ನಕಾಶೆ ಅಂದ್ರ?… ಊರುಗೋಳು ಬರದಿದ್ದ ದೊಡ್ಡ ಕಾಗದ. ಅದರಾಗ ಕಮಲಾಪುರ ಅದ ಏನು?… ಚುಕ್ಕಿ? ಸಾಸಿವಿಕಾಳಿನಷ್ಟೇ?… ದುಂಡಿ ಎದ್ದು ಹೋಗಿ ಬಟ್ಟು ಇಟ್ಟು ತೋರಿಸಿದ್ಳಾ! ನನ್ನ ಕೂಸು! ಏನಂದ್ಳು?… "ಇಲ್ಲಿ ನಮ್ಮ ಎಮ್ಮಿ ಅದ" ಅಂದ್ಳಾ?… ಎಮ್ಮಿ?… "ನಮ್ಮವ್ವ ಅದಾಳ" ಅನ್ನಲಿಲ್ಲಾ?

…ನಗಬ್ಯಾಡ ರೇವೀ.

…ನಗಬ್ಯಾಡ ಅಂದೆ.

…ಹೊಲಿಗಿ ಕಲಿಸ್ಯಾರಾ. ಏನು ಹೊಲದಾಳ?… ಕರವಸ್ತ್ರ. ಯಾರಿಗೆ?… ಯಾರಿಗಂತ ಕೇಳಿದೆ… ಈಗ ನಿನ್ನ ಸೊಂಟದಾಗೇ ಅದ, ಹೌದಲ್ಲ?

…ಹೂಂ. ಈಗ ಕೇಳು, ನಾ ಯಾಕ ಬಂದೀನಿ ಅಂತ. ಮೊನ್ನಿ ಅವರು ಜ್ವಾಳ ಒಯ್ಯಾಕ ಬಂದಾಗ ಉಣಕೋತ ಹೇಳಿದ್ರು. ಉಸ್ತಾನಿ ಬಷೀರುನ್ನೀಸಾ ಎಲ್ಲಾ ಹುಡುಗ್ಯಾರನ್ನ ನಿಂದ್ರಿಸಿ ಅವ್ವನ ಹೆಸರು ಕೇಳಿದ್ರಂತ. ದುಂಡಿ ಏನು ಹೇಳ್ಯಾಳ?… ನಿಂಗ ಗೊತ್ತದ. ನಿನ್ನ ಬಾಯಿಲೇ ಹೇಳು.

…ಹೇಳು.

…ಹಾಂ. ರೇವಮ್ಮ.

ಅವರು ನಗಕೋತ ಹೇಳಿದ್ರು. ನಾನೂ ನಕ್ಕೆ, ಇನ್ನೊಂದು ರೊಟ್ಟಿ ನೀಡಿದೆ. ಅವರು ಹೋದ ಮ್ಯಾಲ ಒಲಿ ಮುಂದ ಕುಂತೇ ಇದ್ದೆ. ಹಾಲು ಉಕ್ಕಿ ಉಕ್ಕಿ ಒಲಿ ಆರಿ ಹೋತು, ನಂಗ ಕಾಣಲೇ ಇಲ್ಲ.

…ಸಣ್ಣ ಹುಡುಗೀ ಮಾತು ಅಂತೀ? ಹಂಗಾರ ನೀ ತಿದ್ದಿದೇನು? ಆಕಿ ಮನಿಗೆ ಬಂದು ಹೇಳಿದಾಗ, "ನಾ ಅಲ್ಲ ಯವ್ವಾ, ನಿಮ್ಮವ್ವ ಚಂದಮ್ಮ" ಅಂದೇನು?…

…ಅನ್ನಲಿಲ್ಲ. ಯಾಕ?… ಜೋರಾಗಿ ಹೇಳು, ಕೇಳಸವಲ್ದು… ಖುಷಿ ಆತು?

…ಖುಷಿ ಆತು ಅಂತ ನನ್ನ ಮುಂದ ಹೇಳ್ತೀ.

ನೋಡು ರೇವೀ, ನಾ ನಿನ್ನ ಯಾವತ್ತೂ ಸವತಿ ಅಂತ ಕರ್ದಿಲ್ಲ. ಏಳೆಂಟು ವರ್ಷ ನನ್ನ ಹೊಟ್ಟ್ಯಾಗ ಕೂಸು ನಿಲ್ಲಲಿಲ್ಲ ಅಂತ ನಾನೇ ಕುಸನೂರಿಗೆ ಬಂದೆ, ನಿಮ್ಮಪ್ಪನ ಕಟ್ಟಿ ಮ್ಯಾಲ ಕುಂತು ನಿನ್ನ ಕೇಳಿದೆ. ನನ್ನ ಕೈಲೇ ನಿಂಗ ಬಳಿ ಇಡಿಸಿದೆ. ಮರುವರ್ಷ ನಂಗೇ ದುಂಡಿ ಹುಟ್ಟಿದ್ಳು, ನಿಂಗ ಆಗಲಿಲ್ಲ. ಅದು ಯಾರ ತಪ್ಪೂ ಅಲ್ಲ. ಅವರಿಗೆ ಅಲ್ಲಿ ನೌಕರಿ ಆತು, ನೀ ಸಂಗಾಟ ಹೋದಿ. ನಾ ಅತ್ತೀನ್ನ, ಹೊಲಾ ನೋಡಕೊಂಡು ಇಲ್ಲಿ ಉಳದೆ. ಗಂಡನ್ನ ಕೊಟ್ಟೆ. ಸಾಲಿ ಅಂತ ಮಗಳನ್ನೂ ಕಳಿಸಿದೆ. ಅವ್ವ ಅನ್ನೂ ಹೆಸರೊಂದು ಉಳದಿತ್ತು. ಅದನ್ನೂ ತಗೊಂಡಿ.

…ಅಳಬ್ಯಾಡ. ಅಳೂ ಪಾಳಿ ಇವತ್ತು ನಂದು.

…ಇಲ್ಲ, ನಾ ಠರಾಯಿಸೀನಿ. ರವಿವಾರದ ಮೋಟಾರಿನ್ಯಾಗ ಹುಡುಗೀನ್ನ ಇಲ್ಲಿಗೆ ಕಳಿಸು. ಸಾಲಿ ಸಾಕು. ಇಲ್ಲಿ ನನ್ನ ಕಣ್ಣ ಮುಂದ ಇರ್ಲಿ.

…ಹೂಂ ಅಂತೀ? ಒಂದು ಮಾತು ಜಗಳಾನೂ ಇಲ್ಲಾ? "ಕಳಸೂದಿಲ್ಲ ಅಕ್ಕಾ" ಅಂದಿದ್ರ ನಂಗ ಬೈಯಾಕಾದ್ರೂ ಬರ್ತಿತ್ತು.

…ಏನು ಅರ್ಧಕ್ಕ ನಿಲ್ತದ?… ಯಾರ ಓದು?… ನಿಂದಾ? ನೀನೂ ಓದಾಕತ್ತೀ?… ಆಕಿ ಬರ್ಯಾಕ ಕುಂತಾಗ ಮಗ್ಗಲಾಗ ಕುಂತು… ಒಂದೇ ಪಾಟಿ ಮ್ಯಾಲ… ಬ್ರಹ್ಮಪುರದಾಗ ಅಂಗಡಿ ಹಲಗಿ ಎಲ್ಲಾ ಓದಕೋತ ಹೋಗ್ತೀ?… ನೀವಿಬ್ರೂ ಕೂಡಿ? ಯಾರು ಮೊದಲ ಓದ್ತೀರಂತ ಪಂದ್ಯಾ ಬ್ಯಾರೆ?

…ನೀವಿಬ್ರೂ ಒಂದು ಪಾಟಿಗೆ ತಲಿ ಬಗ್ಗಿಸಿ ಕುಂತಿದ್ದು ನಂಗ ಕಣ್ಣಿಗೆ ಕಟ್ಟಿದಂಗ ಕಾಣಾಕತ್ತದ. ನಡುವ ದೀಪ. ನಾ ಇಲ್ಲಿ ಎಮ್ಮಿ ಮೈ ತಿಕ್ಕಾಕತ್ತೀನಿ. ಹೊಟ್ಟಿಕಿಚ್ಚು ಅನ್ನು ಬೇಕಾದ್ರ. ಅನ್ನು, ನಂಗ ನಾಚಿಕಿ ಇಲ್ಲ.

…ಹುಡುಗೀನ್ನ ಕೊಡು. ಆಕಿನ್ನೇ ಕೇಳ್ತೀನಿ.

…ದುಂಡೀ? ನಾ ಯವ್ವಾ, ಅವ್ವ… ಕಮಲಾಪುರದ ಅವ್ವ!… ಹೌದು, ಎಮ್ಮಿ ಚಂದ ಅದ. ಕರಾ ಹುಲ್ಲು ಮೇಯಾಕತ್ತದ… ಹಾಡ್ತೀ? ಬಾದಶಾಹಗ ದುವಾ ಮಾಡೂ ಹಾಡಾ? ಹಾಡು, ಹಾಡು…

…ಭಾಳ ಚಂದ ಹಾಡಿದಿ. ನಂಗ ಒಂದಕ್ಷರ ತಿಳೀಲಿಲ್ಲ, ಖರೆ ಚಂದ ಅದ.

ದುಂಡೀ, ಒಂದು ಕೇಳ್ತೀನಿ, ಖರೆ ಹೇಳು, ನಾ ಏನೂ ಅನ್ನೂದಿಲ್ಲ. ಉಸ್ತಾನಿ ಮುಂದ ಅವ್ವನ ಹೆಸರು ರೇವಮ್ಮ ಅಂತ ಯಾಕ ಹೇಳಿದಿ?… ಜಲಸಾ? ಏನು ಜಲಸಾ?… ಹಾಂ… ನೀವು ಮಾಡಿದ ಮಣ್ಣಿನ ಮಾವಿನಹಣ್ಣು, ಹೊಲಿದ ಅರಿವಿ ಎಲ್ಲಾ ಇಟ್ಟಿರ್ತಾರ… ಅವ್ವಗೋಳು ಬಂದು ನೋಡೂದು… "ಬರೂ ಅವ್ವಂದಿರ ಹೆಸರು ಹೇಳ್ರಿ" ಅಂದ್ರಾ. ಹಂಗಾರ ನನ್ನ ಹೆಸರು ಹೇಳಬೇಕಿತ್ತಲ್ಲ ಯವ್ವಾ?

…ಏನು?

…ನೀ ಬರೂದಿಲ್ಲಲ್ಲ, ಅಂತೀ.

…ಹೌದು. ದಸರಾಕ್ಕೂ ಬರಲಿಲ್ಲ… ಜ್ವರಾ ಬಂದಾಗೂ ಬರಲಿಲ್ಲಾ? ಜ್ವರಾ ಯಾವಾಗ ಬಂದಿತ್ತು ನಿಂಗ?… ಇಲ್ಲ ಯವ್ವಾ, ಸಿಟ್ಟಾಗಿಲ್ಲ. ನೀ ಹೇಳಿದ್ದು ಸರಿ ಅದ. ಬರಾಕಿ ಹೆಸರೇ ಹೇಳಬೇಕು. ಚಿಗವ್ವಗ ಕೊಡು.

…ರೇವೀ, ಜ್ವರಾ ಬಂದಿದ್ದು ನಂಗ ಯಾಕ ಹೇಳಲಿಲ್ಲ?… ಅತ್ತೀನ್ನ ಬಿಟ್ಟು ಬರಾಕ ಆಗೂದಿಲ್ಲ, ಸುಮ್ನ ಕುದೀತಾಳ ಅಂತ… ಕುದೀತಿದ್ದೆ. ಅವ್ವ ಆದ ಮ್ಯಾಲ ಅದು ನಂದು, ಅದನ್ನೂ ನೀನೇ ಇಟ್ಟುಕೊಂಡ್ರ ಹ್ಯಾಂಗ?

…ಇರ್ಲಿ. ಜಲಸಾ ಯಾವಾಗ?… ಬುಧವಾರ. ನಾ ಬರ್ತೀನಿ. ಉಸ್ತಾನಿಗೆ ಹೇಳು, ಚಂದಮ್ಮ ಬರ್ತಾಳಂತ… ಹ್ಯಾಂಗಂದ್ರ?… ಹೌದು, ಅತ್ತಿ. ಹೊರಕಡಿಗೆ ಎಬ್ಬಿಸಾಕೂ ಒಬ್ರು ಬೇಕು.

…ನೀ ಬರ್ತೀ? ಇಲ್ಲಿ? ಎಮ್ಮಿ ಹಿಂಡಾಕ ಬರ್ತದೇನು? ಗುರ್ತಿಲ್ದಾಕಿಗೆ ಒದೀತದ ಅದು… ಕುಸನೂರಾಗ ಹಿಂಡ್ತಿದ್ದೀ? ನಂಗ ನೆನಪೇ ಇರಲಿಲ್ಲ.

…ಎರಡು ದಿನಾ ಸಾಲೂದಿಲ್ಲ. ನೋಡು, ಹಿಂಗ ಮಾಡಮು. ಬ್ಯಾಸಗಿ ಸೂಟಿ ಬಿಡೂತನಕ ನಾ ಅಲ್ಲಿ ಇರ್ತೀನಿ, ನೀ ಇಲ್ಲಿ ಇರು… ಹಾಂ, ನೀ ಕೇಳಿದ್ದು ಖರೆ. ಹುಡುಗಿ ಸಾಲಿ ಬಿಡೂದು ಬ್ಯಾಡ… ಅವರನ್ನೇನು ಕೇಳೂದು? ಯಾರು ರೊಟ್ಟಿ ಮಾಡಿದ್ರೂ ಉಣ್ಣಾವ್ರು.

…ಮತ್ತ ಹೂಂ ಅಂದಿ. ಕೇಳಿದ ಕೂಡ್ಲೇ ಕೊಟ್ಟು ಬಿಡ್ತೀ. ಹಿಂಗ ಮಾಡಿದ್ರ ನಿನ್ನ ಮುಂದ ನಾ ಸಣ್ಣಾಕಿ ಆಗಿ ಬಿಡ್ತೀನಿ ರೇವೀ, ಅದೂ ನಂಗ ಸೇರೂದಿಲ್ಲ… ಬರೂಮುಂದ ಒಂದು ಪಾಟಿ ತಗೊಂಡು ಬಾ. ಇಲ್ಲಿ ಅತ್ತೀ ಮಂಚದ ಬಾಜೂಕ ಕುಂತು ಬರ್ಯೂವಂತಿ.

…ಹೇಳು, ನೆನಪಿಡ್ತೀನಿ. ಸಾಲಿಗೆ ಹೋಗೂ ಮೊದಲ ಏನು ತಿಂತಾಳ?… ಸಜ್ಜಿ ರೊಟ್ಟಿ, ಹಾಲು. ಬೆಲ್ಲ ಬ್ಯಾಡಾ? ನನ್ನ ಕಡಿ ಇದ್ದಾಗ ಬೆಲ್ಲಕ್ಕ ನೆಲದ ಮ್ಯಾಲ ಹೊಳ್ಯಾಡ್ತಿದ್ಳು… ಹಲ್ಲು ಹುಳಕಾಗ್ತಾವಂತ ಉಸ್ತಾನಿ ಹೇಳ್ಯಾರಾ. ಆಗಲಿ… ಉಸ್ತಾನಿ ಎದುರಾದ್ರ ಏನನ್ನೂದು?… ಆದಾಬ್… ಆದಾಬ್ ಅರ್ಜ್… ನಗಬ್ಯಾಡ, ಬರ್ತದ ನಂಗ.

…ಆಕಿ ತಪ್ಪು ಓದಿದ್ರ ನಂಗ ಹ್ಯಾಂಗ ತಿಳೀಬೇಕು?… ತಡವರಿಸಿದ್ರ ತಪ್ಪು. ಹೂಂ, ಅಷ್ಟು ತಿಳೀತದ.

…ಮಲಗೂದು ಯಾವಾಗ?… ಏನು ಹಿಡಕೊಂಡು ಮಲಗ್ತಾಳ?… ನಿನ್ನ ಸೆರಗು.

…ದಿನಾನೂ?… ಅದಿಲ್ದ ನಿದ್ದಿ ಹತ್ತೂದೇ ಇಲ್ಲಾ?

…ಇಲ್ಲ, ಹೇಳಿದ್ದು ಚಲೋ ಆತು. ನಾ ಬಂದ ಮ್ಯಾಲ ತಿಳದಿದ್ರ ಇನ್ನೂ ಕಷ್ಟ ಆಗ್ತಿತ್ತು… ಸಿಟ್ಟು ಅದ. ಖರೆ ನಿನ್ನ ಮ್ಯಾಲ ಅಲ್ಲ.

ರೇವೀ, ಕೇಳು. ಬರೂಮುಂದ ಒಂದು ಉಟ್ಟ ಸೀರಿ ಅಲ್ಲೇ ಬಿಟ್ಟು ಬಾ… ಹೂಂ, ಆಕೀಗೆ. ತೊಳೀಬ್ಯಾಡ ಅದನ್ನ… ಹಲೋ? ಕೇಳಿಸ್ತೇನು? ತೊಳೀಬ್ಯಾಡ ಅಂದೆ, ಹಂಗೇ ಬಿಡು… ಹಲೋ… ರೇವೀ?… ಹಲೋ…